ನವಿಲುಕೋಸಿನ ಮೇಲಿನ ಸೇತುವೆ

ಜರ್ಮನಿಯ ಲೈಪ್‌ಜಿಗ್‌ನ ಆ ಗುತ್ತಿಗೆ ತೋಟಗಳಲ್ಲಿ, ಊರವರಿಗೆ ಒಂದೊಂದು ತುಂಡು ನೆಲ ಗುತ್ತಿಗೆ ಕೊಡುವ ಸಂಘದ ಅಧ್ಯಕ್ಷ ವೆಂಡ್ಲರ್ ಅಳತೆಕೋಲು ಹಿಡಿದು ತಪಾಸಣೆಗೆ ಹೊರಟನೆಂದರೆ ಎಂಥೆಂಥವರೂ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಗಿಟ್ಟಾ ಮಾತ್ರ ತನ್ನ ಗಾಲಿಕುರ್ಚಿಯನ್ನು ಸೇತುವೆಯ ಪಕ್ಕಕ್ಕೇ ಉರುಳಿಸಿಕೊಂಡು ಬಂದು ಕಾದು ಕೂತಿದ್ದಳು.

ಆಟಿಕೆ ರೈಲಿನ ಸೇತುವೆಯೇ ಇರಬಹುದು, ಆದರೆ ನೋಡಿದವರು ಹುಬ್ಬೇರಿಸಲೇಬೇಕು. ನವಿಲುಕೋಸಿನ ಮಡಿಯ ಈ ತುದಿಯಿಂದ ಆ ತುದಿಗೆ, ಎತ್ತರದ ಮರದ ಕಾಲುಗಳ ಮೇಲೆ, ನಡುನಡುವೆ ಅಡ್ಡಪಟ್ಟಿಗಳ ಹೆಣಿಗೆಯೊಂದಿಗೆ ನಿಂತಿತ್ತು. ಹೋದ ವರ್ಷ ಹಳಿ ನೆಲದ ಮೇಲಿತ್ತು. ಸಂಘದ ನಿಯಮದಂತೆ ತೋಟದ ಮೂರರಲ್ಲೊಂದು ಪಾಲು ತರಕಾರಿಗೇ ಇರಬೇಕು, ಆ ನೆಲವನ್ನು ರೈಲು ತಿಂದಿದೆ ಎಂದು ಇದೇ ವೆಂಡ್ಲರ್ ತಕರಾರು ತೆಗೆದಿದ್ದ. ನೆಲ ಬಿಡಬೇಕು ತಾನೇ, ಬಿಟ್ಟೆವು ಎಂದು ಗಿಟ್ಟಾ ರೈಲನ್ನೇ ಮೇಲಕ್ಕೆತ್ತಿದಳು. ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಗಂಡ ಎಕ್ಕಾರ್ಟ್ ಪಟ್ಟಿ ಕೊಯ್ದು ಕೊಟ್ಟ, ಇವಳು ಜೋಡಿಸಿದಳು. ಎತ್ತರವನ್ನು ತನ್ನ ಕುರ್ಚಿಗೆ ಸರಿಯಾಗಿ ಇಟ್ಟುಕೊಂಡಳು. ಕಾಲಿನ ಸ್ವಾಧೀನ ತಪ್ಪಿದ ಮೇಲೆ ನೆಲದ ರೈಲು ಅವಳ ಪಾಲಿಗೆ ಇದ್ದೂ ಇಲ್ಲದಂತಾಗಿತ್ತು. ಈಗ ಕೈ ಚಾಚಿದರೆ ಎಂಜಿನ್ ಸಿಗುತ್ತಿತ್ತು. ಆ ಸುಖ ನಡೆದಾಡುವವರಿಗೆ ಎಲ್ಲಿ ಗೊತ್ತಾಗಬೇಕು!

ವೆಂಡ್ಲರ್ ಅಳೆದ. ಗಿಟ್ಟಾಳ ತಲೆಯ ಮೇಲಿಂದ, ಅವಳ ಹಿಂದೆ ನಿಂತಿದ್ದ ಎಕ್ಕಾರ್ಟ್‌ನನ್ನು ನೋಡಿ, "ಇಷ್ಟು ಎತ್ತರ ನಡೆಯಲ್ಲ ರೀ. ಕೆಳಗಿಳಿಸಿ," ಎಂದ.

"ಕೆಳಗಿಳಿಸಿದ್ರೆ ನವಿಲುಕೋಸು ಎಲ್ಲಿ ಹಾಕೋಣ, ನಿಮ್ಮ ಟೋಪೀಲಾ?" ಎಂದಳು ಗಿಟ್ಟಾ.

ಬೇಲಿಯಾಚೆ ಪಕ್ಕದ ತೋಟದವರು ಯಾರೋ ಕಿಸಕ್ಕೆಂದರು. ವೆಂಡ್ಲರನ ಕಿವಿ ಕೆಂಪಾಯಿತು. "ಹಾಗಾದ್ರೆ ರೈಲೇ ಬೇಡ. ಇವತ್ತೇ ಬಿಚ್ಚಿ. ಇಲ್ಲಾಂದ್ರೆ ತೋಟ ಬಿಟ್ಕೊಡಿ. ಎಕ್ಕಾರ್ಟ್, ನಿಮ್ಮ ಹೆಂಡ್ತಿಗೆ ಸ್ವಲ್ಪ ಬುದ್ಧಿ ಹೇಳಿ."

"ನನಗೆ ಹೇಳೋದನ್ನ ನನಗೇ ಹೇಳಿ. ಕಾಲು ಬಿದ್ದುಹೋಗಿದೆ, ಕಿವಿ ನೆಟ್ಟಗಿದೆ."

ಎಕ್ಕಾರ್ಟ್ ಜೀವಮಾನದಲ್ಲಿ ಯಾರಿಗೂ ಎದುರಾಡಿದವನಲ್ಲ. ಶೆಡ್ಡಿಗೆ ಹೋಗಿ ಸ್ಕ್ರೂಡ್ರೈವರ್ ತಂದ. "ಹೋಗ್ಲಿ ಬಿಡೇ ಗಿಟ್ಟಾ. ತೋಟಾನೇ ಹೋದ್ರೆ ಏನ್ ಮಾಡೋದು?"

ಗಿಟ್ಟಾಗೆ ವೆಂಡ್ಲರನ ಮುಂದೆ ಅಳುವುದಕ್ಕಿಂತ ಸಾಯುವುದು ವಾಸಿ. ಕೈ ಚಾಚಿ ಎಂಜಿನ್ನಿನ ಗುಂಡಿ ಒತ್ತಿದಳು. ರೈಲು ಸೇತುವೆಯ ನಟ್ಟನಡುವೆ ಬಂದಾಗ ನಿಲ್ಲಿಸಿದಳು.

"ಬಿಚ್ಚೋರು ಇದು ಮೇಲಿರುವಾಗಲೇ ಬಿಚ್ಚಲಿ. ನಾನು ಇಲ್ಲೇ ಕೂತು ನೋಡ್ತೀನಿ. ತೋಟ ಕಿತ್ಕೋತೀರಾ, ಕಿತ್ಕೊಳ್ಳಿ. ನನ್ನ ಕೈಯಾರೆ ಇಳಿಸ್ತೀನಿ ಅಂತ ಮಾತ್ರ ಕನಸು ಕಾಣಬೇಡಿ."

ಎಕ್ಕಾರ್ಟ್ ಸೇತುವೆಯ ಬುಡದಲ್ಲಿ ಮಂಡಿಯೂರಿದ. ಸ್ಕ್ರೂಡ್ರೈವರನ್ನು ಸ್ಕ್ರೂವಿಗೆ ಇಟ್ಟು ಹೆಂಡತಿಯ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಿರುಗಿಸತೊಡಗಿದ. ಗಿಟ್ಟಾ ಬಗ್ಗಿ ನೋಡಿದರೆ, ಅವನು ಬಿಗಿ ಮಾಡುತ್ತಿದ್ದ.

"ಇದೊಂದು ಸಡಿಲ ಆಗಿತ್ತು," ಎಂದ, ವೆಂಡ್ಲರನತ್ತ ತಿರುಗಿಯೂ ನೋಡದೆ. "ನೀವು ನೋಟಿಸ್ ಕಳಿಸಿ."