ಗಾರೆಯ ಕೆಳಗಿನ ಕಂಬಿ

ಸೇತುವೆಯ ಅಡಿಯಲ್ಲಿ ಅಟ್ಟಣಿಗೆ ಕಟ್ಟಿಕೊಂಡು ಮೇಸ್ತ್ರಿ ಗಾರೆ ಮೆತ್ತುತ್ತಿದ್ದರು. ತಪಾಸಣೆಗೆ ಮುಂಚೆ ಬಿರುಕುಗಳಿಗೆ ಸಿಮೆಂಟ್ ಗಾರೆ, ಮೇಲೊಂದು ಕೈ ಸುಣ್ಣ. ಇದು ಇಪ್ಪತ್ತು ವರ್ಷದ ರೂಢಿ. ಬಂದ ಎಂಜಿನಿಯರು ಕತ್ತೆತ್ತಿ ನೋಡಿ, 'ತೃಪ್ತಿಕರ' ಎಂದು ಬರೆದು ಹೋಗುತ್ತಿದ್ದರು. ಅರವತ್ತು ವರ್ಷದ ಸೇತುವೆ ಅಂದು ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

ಈ ಸಲದ ಎಂಜಿನಿಯರ್ ಹುಡುಗಿ ಒಂದು ದಿನ ಮುಂಚೆಯೇ ಬಂದುಬಿಟ್ಟಳು. ಏಣಿ ಹತ್ತಿ ಸುತ್ತಿಗೆಯಿಂದ ತೊಲೆಯನ್ನು ತಟ್ಟಿದಳು. ಠಣ್ ಎನ್ನಬೇಕಾದದ್ದು ಡಬ್ ಎಂದಿತು.

"ಒಳಗೆ ಹುಳುಕು, ಹೊರಗೆ ಥಳುಕು. ನೀರಿಳಿದು ಕಂಬಿ ತುಕ್ಕು ಹಿಡಿದಿದೆ ಮೇಸ್ತ್ರಿ. ತುಕ್ಕು ಊದಿಕೊಂಡು ಕಾಂಕ್ರೀಟನ್ನೇ ಒಡೀತಿದೆ."

"ನಿಮ್ಮ ವಯಸ್ಸಿಗಿಂತ ಹೆಚ್ಚು ವರ್ಷ ಕರಣೆ ಹಿಡಿದಿದೀನಿ ಮೇಡಂ. ನಾನು ಮೆತ್ತಿದ ಗಾರೆ ಒಂದು ಚೂರೂ ಉದುರಿಲ್ಲ. ನಮ್ಮ ಅಳಿಯಂದ್ರೇ ದಿನಾ ಇದರ ಮೇಲೆ ಬಸ್ಸು ತರ್ತಾರೆ. ನನಗಿಲ್ಲದ ಭಯ ನಿಮಗ್ಯಾಕೆ?"

ಸೇತುವೆ ಮುಚ್ಚಿಸಬೇಕೆಂದು ಅವಳು ಮೇಲಧಿಕಾರಿಗೆ ಫೋನ್ ಮಾಡಿದಳು.

"ಮುಚ್ಚಿದ್ರೆ ಮೂವತ್ತು ಕಿಲೋಮೀಟರ್ ಸುತ್ತಬೇಕಮ್ಮ, ಆಂಬುಲೆನ್ಸ್ ಕೂಡ. ಕಂಬಿ ಹೋಗಿರೋದನ್ನ ಕಣ್ಣಾರೆ ಕಂಡ್ಯಾ?"

ಅವರು ಹೇಳಿದ್ದೂ ಸುಳ್ಳಲ್ಲ. ಅವಳ ಬಳಿ ಇದ್ದದ್ದು ಒಂದು ಸದ್ದು ಮಾತ್ರ. ಸುತ್ತಿಗೆಯನ್ನು ಮೇಸ್ತ್ರಿಯತ್ತ ಚಾಚಿದಳು.

"ಭಯ ಇಲ್ಲ ಅಂದ್ರಲ್ಲ, ನೀವೇ ಒಡೆದು ತೋರಿಸಿ."

ಮೇಸ್ತ್ರಿ ಸುತ್ತಿಗೆ ತೆಗೆದುಕೊಂಡರು. ಸ್ವಂತ ಕೈಯ ಕೆಲಸಕ್ಕೆ ಅವರು ಎಂದೂ ಏಟು ಹಾಕಿದವರಲ್ಲ. ಆದರೂ ಹೊಡೆದರು. ಹೋದ ವರ್ಷದ ಗಾರೆ ಮೊರದಗಲ ಕಳಚಿಬಿತ್ತು. ಹೆಬ್ಬೆರಳಿನ ಗಾತ್ರವಿರಬೇಕಿದ್ದ ಕಂಬಿ ಕಡ್ಡಿಯಾಗಿತ್ತು. ಮುಟ್ಟಿದರೆ ಪದರ ಪದರವಾಗಿ ಕೈಗೆ ಬಂತು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಹೇಗೆ ಇಳಿದರೋ, ದಡ ಹೇಗೆ ಹತ್ತಿದರೋ ಅವರಿಗೇ ತಿಳಿಯದು. ಸೇತುವೆಯ ಬಾಯಲ್ಲಿ ಎರಡೂ ಕೈ ಅಗಲಿಸಿ ನಿಂತರು. ಬ್ರೇಕು ಕಿರುಚಿ ಬಸ್ಸು ಮಾರುದೂರದಲ್ಲಿ ನಿಂತಿತು.

"ಮಾವ, ತಲೆ ಕೆಟ್ಟಿದೆಯಾ? ಒಳಗೆ ನಲವತ್ತು ಜನ ಇದ್ದಾರೆ!"

"ಅದಕ್ಕೇ ನಿಂತಿದ್ದೀನಿ. ಹಿಂದಕ್ಕೆ ತಗೊಳ್ಳಿ."

"ಚೆನ್ನಾಗೇ ಇದೆಯಲ್ಲ! ಪ್ರತಿ ವರ್ಷ ದೊಡ್ಡ ದೊಡ್ಡವರು ಬಂದು ನೋಡಿ ಹೋಗ್ತಾರಲ್ಲ?"

ಮೇಸ್ತ್ರಿ ಮುಷ್ಟಿ ಬಿಚ್ಚಿ, ಕಂಬಿಯ ಪುಡಿಯನ್ನು ಕಿಟಕಿಗೆ ಹಿಡಿದರು.

"ನಾನು ನೋಡೋಕೆ ಬಿಟ್ಟಿದ್ರೆ ತಾನೇ!"