ಸಾಕ್ಷಿಗೆ ತಂದ ಹಾಲು

ನಾದಿನಿ ಹಾಲಿನ ಲೋಟ ಹಿಡಿದು ಬಂದಳೆಂದರೆ ನನ್ನ ಕಣ್ಣು ಅವಳ ಕೈಮೇಲೆಯೇ. ಮೂವತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ನಂಬಿಕೆ ಮಾತ್ರ ಎಳ್ಳಷ್ಟೂ ಇಲ್ಲ. ನನ್ನ ಮೊದಲ ಎರಡು ಬಸಿರೂ ಹೊಟ್ಟೆನೋವು ಬಂದು ಇಳಿದುಹೋದವು. ಎರಡು ಸಲವೂ ದಿನಾ ಕುಡಿದದ್ದು ಅವಳು ಕಾಯಿಸಿಕೊಟ್ಟ ಹಾಲು. ಮೂರನೆಯ ಸಲ ಬಲಗೈ ಮುರಿದುಕೊಂಡು, ಕೆಲಸ ಬಿಟ್ಟು ಮನೆಯಲ್ಲಿ ಬಿದ್ದಿದ್ದೆ. ಅವಳ ಕೈಯಿಂದ ಹನಿ ನೀರೂ ಮುಟ್ಟಲಿಲ್ಲ. ಮಗ ಉಳಿದ. ಇನ್ನೇನು ಪುರಾವೆ ಬೇಕು?

ಈಗ ಸೊಸೆಗೆ ಆರು ತಿಂಗಳು. ನನ್ನ ಹಾಗೆಯೇ ಅಂಗಡಿಗಳಿಗೆ ಬೋರ್ಡು ಬರೆಯುತ್ತಾಳೆ. ಅಕ್ಷರ ಮುತ್ತು ಪೋಣಿಸಿದ ಹಾಗೆ, ಎಷ್ಟಾದರೂ ನನ್ನ ಶಿಷ್ಯೆ! ಬಿಸಿಲಿಗೆ ಮಾಸದಿರಲೆಂದು ನನ್ನ ಕಾಲದ ಡಬ್ಬಿಗಳ ಕೆಂಪು, ಹಳದಿ ಬಣ್ಣವನ್ನೇ ಕಲಸಿಕೊಡುತ್ತೇನೆ. ಇವತ್ತು ಬೆಳಿಗ್ಗೆ ಬೋರ್ಡಿನ ಮುಂದೆ ಹೊಟ್ಟೆ ಹಿಡಿದುಕೊಂಡು ಮುದುಡಿ ಬಿದ್ದಿದ್ದಳು. ಪಕ್ಕದಲ್ಲಿ ಅರ್ಧ ಕುಡಿದ ಹಾಲು. ಉಳಿದದ್ದನ್ನು ಬಾಟಲಿಗೆ ಸುರಿದು ಚೀಲದಲ್ಲಿ ಬಚ್ಚಿಟ್ಟೆ. ಸಿಕ್ಕಿಬಿದ್ದೆಯಲ್ಲೇ, ಮಹಾತಾಯಿ!

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು.

"ಮಗು ಚೆನ್ನಾಗಿದೆ. ಅಪೆಂಡಿಕ್ಸ್ ಅಲ್ಲ, ಕಲ್ಲಿಲ್ಲ, ಹೆರಿಗೆ ನೋವೂ ಅಲ್ಲ."

"ವಿಷ ಕಣ್ರೀ!" ಬಾಟಲಿ ಮೇಜಿನ ಮೇಲೆ ಕುಕ್ಕಿದೆ. "ಇದನ್ನ ಟೆಸ್ಟ್ ಮಾಡ್ಸಿ."

ಅವರು ಬಾಟಲಿಯತ್ತ ನೋಡಲೇ ಇಲ್ಲ. ಸೊಸೆಯ ತುಟಿ ಎತ್ತಿದರು. ವಸಡಿನ ಅಂಚಿಗೆ ಸಣ್ಣ ನೀಲಿ ಗೆರೆ.

"ಬೋರ್ಡ್ ಬರೀತೀನಿ ಅಂದ್ಯಲ್ಲಮ್ಮ, ಹೇಗೆ ಬರೀತೀಯ? ತೋರ್ಸು."

ಸೊಸೆ ಡಾಕ್ಟರಮ್ಮನ ಪೆನ್ನು ತೆಗೆದುಕೊಂಡಳು. ಬಣ್ಣದಲ್ಲಿ ಅದ್ದಿದ ಹಾಗೆ ಮಾಡಿ, ಅದರ ತುದಿಯನ್ನು ತುಟಿಗಳ ನಡುವೆ ಇಟ್ಟು ಮೆಲ್ಲಗೆ ತಿರುಗಿಸಿದಳು.

"ಹಳೇ ಡಬ್ಬಿ ಬಣ್ಣ, ಹೀಗೆ ಮಾಡಿದ್ರೇನೇ ಕುಂಚ ಚೂಪಾಗೋದು," ಎಂದಳು.

"ಹಳೇ ಬಣ್ಣದಲ್ಲಿ ಸೀಸ ಇರುತ್ತಮ್ಮ. ಅದೇ ವಿಷ. ರಕ್ತ ಪರೀಕ್ಷೆಗೆ ಕಳಿಸ್ತೀನಿ, ಆದ್ರೆ ನನಗೆ ಅನುಮಾನ ಇಲ್ಲ. ಇದ್ರಿಂದ ಬಸಿರು ಇಳಿದುಹೋಗೋದೂ ಉಂಟು. ಸದ್ಯ, ಬೇಗ ಬಂದ್ರಿ. ಯಾರು ಕಲಿಸಿದ್ದು ನಿಂಗೆ?"

"ನಮ್ಮತ್ತೆ," ಎಂದಳು ಸೊಸೆ. ಆ ನೋವಿನಲ್ಲೂ ದನಿಯಲ್ಲಿ ಹೆಮ್ಮೆಯಿತ್ತು.

ಎರಡು ಬಸಿರಿನಲ್ಲೂ ಕೊನೆಯ ದಿನದವರೆಗೆ ಬೋರ್ಡು ಬರೆದಿದ್ದೆ. ಬರೆಯದೇ ಇದ್ದದ್ದು ಕೈ ಮುರಿದ ವರ್ಷ ಒಂದೇ.

ಬಾಟಲಿ ಎತ್ತಿಕೊಂಡು ಹೊರಗೆ ಬಂದೆ. ಬೆಂಚಿನ ತುದಿಯಲ್ಲಿ ಕೂತಿದ್ದ ನಾದಿನಿ ದಡಕ್ಕನೆ ಎದ್ದಳು.

"ಅತ್ತಿಗೆ, ಮಗು?"

"ಉಳಿದಿದೆ ಕಣೇ."

ಅವಳ ಪಕ್ಕ ಕುಸಿದು ಕೂತು, ಮುಚ್ಚಳ ತೆಗೆದು, ಹಾಲನ್ನು ಗಟಗಟ ಕುಡಿದುಬಿಟ್ಟೆ. ನಾದಿನಿ ಬಾಯಿಬಿಟ್ಟುಕೊಂಡು ನೋಡಿದಳು.

"ಅಯ್ಯೋ, ತಣ್ಣಗಾಗಿದ್ಯಲ್ಲ ಅತ್ತಿಗೆ," ಎಂದಳು. "ಕೇಳಿದ್ರೆ ಬಿಸಿ ಮಾಡಿ ಕೊಡ್ತಿದ್ದೆ."