ಸುಮ್ಮನೆ ಕೂತದ್ದಕ್ಕೆ

ಕಟಕಟೆಯ ಮರಕ್ಕೆ ಹೊಸದಾಗಿ ವಾರ್ನಿಷ್ ಬಳಿದಿದ್ದಾರೆ, ಅಂಗೈ ಅಂಟುತ್ತಿದೆ, ಎತ್ತಿದರೆ ಚಟ್ ಅನ್ನುವ ಸದ್ದು, ನ್ಯಾಯಾಧೀಶರಿಗೆ ಕೇಳಿಸಿತೇನೋ — ಇಲ್ಲ, ಅವರು ಆರೋಪ ಓದುತ್ತಿದ್ದಾರೆ, ಮಾಜಿ ಶಾಸಕರಾದ ನೀವು, ಮಾಜಿಯಂತೆ, ನಾಲ್ಕು ಚುನಾವಣೆ ಗೆದ್ದವನು ಬೆಳಗಾಗುವಷ್ಟರಲ್ಲಿ ಮಾಜಿ, ರೈಲು ಹಳಿ ಮೇಲಿನ ಕಾಲ್ಸೇತುವೆಯ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳದಿರಲು ಗುತ್ತಿಗೆದಾರರಿಂದ ಲಂಚ ಪಡೆದು — ದನಿ ಒಂದೇ ಸಮನೆ ತೊಟ್ಟಿಕ್ಕುತ್ತದೆ, ವಾರ್ನಿಷ್ ಮೂಗಿಗೆ ಹತ್ತುತ್ತದೆ, ಸದನದ ಮೇಜಿಗೂ ಇದೇ ವಾಸನೆಯಿತ್ತು, ಮೊದಲ ದಿನ ಆ ಮೇಜನ್ನು ಸವರಿ ಸವರಿ ಕೂತಿದ್ದ, ಪಕ್ಕದ ಹಿರಿಯ ಸದಸ್ಯರು ನಕ್ಕಿದ್ದರು, ಮೇಜು ಎಲ್ಲೂ ಓಡಿಹೋಗಲ್ಲ ಕಣಯ್ಯ, ಹೋಗೋರು ನಾವೇ. ಮೈಕು ತೋರಿಸಿ ಹೇಳಿಕೊಟ್ಟವರೂ ಅವರೇ, ನಿನ್ನ ಪ್ರಶ್ನೆ ನಂಬರ್ ಕರೆದ ಕೂಡ್ಲೇ ಈ ಕೆಂಪು ದೀಪ ಹತ್ಕೊಳ್ಳುತ್ತೆ, ಎದ್ದು ನಿಂತು ಕೇಳ್ಬೇಕು, ಏಳ್ದೆ ಹೋದ್ರೆ ಪ್ರಶ್ನೆ ಬಿದ್ದುಹೋಯ್ತು, ಅಷ್ಟೇ. ಏಳದೆ ಇರುವ ಆಸಾಮಿಯೇ ಅವನು? ದೀಪಕ್ಕಿಂತ ಮೊದಲು ಏಳುತ್ತಿದ್ದ, ಎದ್ದನೆಂದರೆ ಮಂತ್ರಿಗಳು ಕಾಗದ ತಡಕಾಡುತ್ತಿದ್ದರು, ಊರೆಲ್ಲ ಗುಡುಗು ಸಾಹೇಬರು ಅನ್ನುತ್ತಿತ್ತು, ಹೆಂಡತಿ ಮಾತ್ರ, ಮನೇಲಿ ಗುಡುಗ್ಬೇಡಿ, ಹಾಲು ಒಡೆಯುತ್ತೆ — ಅವಳು ಇವತ್ತು ಬಂದಿಲ್ಲ, ಮಗಳು ಬಂದಿದ್ದಾಳೆ, ಎರಡನೇ ಬೆಂಚು, ಕೈಚೀಲ ತೊಡೆಯ ಮೇಲೆ, ಬಸ್ಸಿಗೆ ಕಾಯುವವಳ ಹಾಗೆ. ಹೊರಗೆ ಮೆಟ್ಟಿಲ ಹತ್ತಿರ ತೋಳು ಹಿಡಿದು ನಿಲ್ಲಿಸಿದ್ದಳು, ಒಂದೇ ಒಂದ್ಸಲ ನಿಜ ಹೇಳಿಬಿಡಪ್ಪ, ಜೈಲಾದ್ರೂ ಸರಿ, ನಾನು ಬಂದು ನೋಡ್ತೀನಿ, ಇಲ್ಲಾಂದ್ರೆ ನಿಂಗೂ ನಂಗೂ ಇವತ್ತಿಗೆ ಮುಗೀತು. ವಕೀಲ ಇನ್ನೊಂದು ಕಿವಿಯಲ್ಲಿ, ಒಪ್ಪಲ್ಲ ಅನ್ನಿ, ಬಾಯಿ ಬರ್ಲಿಲ್ವಾ ಸುಮ್ನಿರಿ, ಸುಮ್ನಿದ್ರೂ ಒಪ್ಪಲ್ಲ ಅಂತಲೇ ಬರ್ಕೊಳ್ತಾರೆ. ಹೇಳಿಬಿಡಬೇಕು ಅಂತಲೇ ಅವನು ಒಳಗೆ ಬಂದದ್ದು.

ಕತ್ತಿನ ಹಿಂದೆ ತಣ್ಣಗೆ ಏನೋ ಹರಿಯಿತು, ತಿರುಗಬಾರದು, ತಿರುಗಿದರೆ ಯಾರೂ ಇರುವುದಿಲ್ಲ, ಈ ಕೋಟು ಹಾಕಿದಾಗಲೆಲ್ಲ ಹೀಗೇ, ಅಳತೆ ಟೇಪು ಈ ಹೆಗಲಿನಿಂದ ಆ ಹೆಗಲಿಗೆ, ನೆಟ್ಟಗೆ ನಿಂತ್ಕೊಳ್ಳಿ ಸಾಹೇಬ್ರೇ, ಉಸಿರು ಬಿಡಿ — ಮೊದಲ ಚುನಾವಣೆಗೆ ಇದನ್ನು ಹೊಲಿದುಕೊಟ್ಟ ಟೈಲರ್, ಸೋತ್ರೂ ಕೋಟು ವಾಪಸ್ ತಗೊಳ್ಳಲ್ಲ ಎಂದು ನಕ್ಕವನು, ಅಂಗಡಿ ಕಾಲ್ಸೇತುವೆಯ ಬುಡದಲ್ಲೇ, ರೈಲು ಹೋದಾಗಲೆಲ್ಲ ಸೂಜಿಡಬ್ಬಿ ಜಣಜಣ. ಸೇತುವೆ ನಡುಗುತ್ತೆ ಸಾಹೇಬ್ರೇ, ರೈಲಿಲ್ದಿದ್ರೂ ನಡುಗುತ್ತೆ, ಬಂದು ನಿಂತು ನೋಡಿ. ನಿಂತು ನೋಡಿದ್ದ, ಬೂಟು ಬಿಚ್ಚಿ, ಕಬ್ಬಿಣ ಅಂಗಾಲಿನ ಕೆಳಗೆ ಜ್ವರ ಬಂದ ಮೈಯಂತೆ ಅದುರುತ್ತಿತ್ತು, ಅವತ್ತೇ ಸದನಕ್ಕೆ ಪ್ರಶ್ನೆ ಬರೆದುಕೊಟ್ಟ, ನಿಜವಾಗಿ ಸಿಟ್ಟು ಬಂದೇ ಬರೆದ, ಅದು ಸುಳ್ಳಲ್ಲ — ಆಮೇಲೆ ಗುತ್ತಿಗೆದಾರ ಸೇಬಿನ ಬುಟ್ಟಿ ಹಿಡಿದು ಬಂದ, ಇಂಥದ್ದು ಮಾಡಿ ಅಂತ ನಾನು ಹೇಳ್ತಿಲ್ಲ ಅಣ್ಣಾ, ಏನೂ ಮಾಡ್ಬೇಡಿ, ಸುಮ್ನೆ ಕೂತಿರಿ. ಮೇಲೆ ಸೇಬು, ಕೆಳಗೆ ಅದು. ಮಗಳು ಒಂದನ್ನೆತ್ತಿ ಕಚ್ಚಿದಳು, ಬುಟ್ಟಿ ಕಸಿದುಕೊಂಡ ರಭಸಕ್ಕೆ ಬೆಚ್ಚಿಬಿದ್ದಳು, ಯಾಕಪ್ಪ, ಹುಳ ಇದೆಯಾ? ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಿದ್ದಳು ಅಮ್ಮ, ನೋಡಮ್ಮ, ಬರೀ ಕೂತದ್ದಕ್ಕೇ ಕುಡಿಕೆ ತುಂಬಿಸಿಕೊಡುತ್ತಾರೆ. ಪ್ರಶ್ನೆ ಬೀಳಿಸುವವರು ಆ ಹೊತ್ತಿಗೆ ಕ್ಯಾಂಟೀನಿಗೆ ಹೋಗುವುದು ಸದನದ ಹಳೇ ರೂಢಿ, ಖಾಲಿ ಕುರ್ಚಿಯನ್ನು ಯಾರು ಏನೆಂದಾರು, ಅವನಿಗೋ ಹಮ್ಮು, ಒಂದು ದಿನವೂ ಸದನ ತಪ್ಪಿಸಿದವನಲ್ಲ ಎಂಬ ಹಾಳು ಹಮ್ಮು, ಕೂತೇ ಇದ್ದ. ನಂಬರ್ ಕರೆದರು, ದೀಪ ಹತ್ತಿತು, ಎಲ್ಲ ತಲೆಗಳೂ ತಿರುಗಿದವು, ಕ್ಯಾಮೆರಾನೂ ತಿರುಗಿತು, ಅವನು ಉಗುರು ನೋಡಿಕೊಂಡ, ದೀಪ ಉರಿಯುತ್ತಲೇ ಇತ್ತು, ಅದು ಅಷ್ಟು ಹೊತ್ತು ಉರಿಯಬಲ್ಲದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಸೇತುವೆ ಹಳಿಗಳ ಮೇಲೆ ಬಿತ್ತು, ಟೈಲರ್ ಹೊಲಿದ ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ದಾಟುತ್ತಿದ್ದನಂತೆ, ಹೆಣದ ಪಕ್ಕ ಸಿಕ್ಕ ಆ ಬಟ್ಟೆಗಳ ಮೇಲೆ ಒಂದು ಕಲೆಯೂ ಇರಲಿಲ್ಲವಂತೆ, ಇಸ್ತ್ರಿ ಕೂಡ ಕೆಟ್ಟಿರಲಿಲ್ಲವಂತೆ. ಟಿವಿಯವರು ಆ ದಿನದ ಸದನವನ್ನು ತೋರಿಸಿದ್ದೇ ತೋರಿಸಿದ್ದು, ಅವನು, ಅವನ ಉಗುರು, ಉರಿಯುವ ದೀಪ, ಹಾಸ್ಟೆಲಿನಲ್ಲಿ ಮಗಳೂ ನೋಡಿದಳು, ಗುತ್ತಿಗೆದಾರ ಸಿಕ್ಕಿಬಿದ್ದು ಎಲ್ಲ ಕಕ್ಕಿದ, ಹಿರಿಯ ಸದಸ್ಯರ ಫೋನು, ಒಂದು ಕಾಫಿ ಕುಡಿಯೋಕೆ ಎದ್ದು ಹೋಗಿದ್ರೆ ನಿನ್ನ ಗಂಟೇನು ಹೋಗ್ತಿತ್ತಯ್ಯ? ಆವತ್ತಿನಿಂದ ದೀಪ ಮನೆಗೂ ಬಂತು, ಆರಿಸಿದ ಟಿವಿಯ ಮೂಲೆಯಲ್ಲಿ, ಇಸ್ತ್ರಿಪೆಟ್ಟಿಗೆಯಲ್ಲಿ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದಿದ್ದರೂ ಉರಿಯುತ್ತದೆ, ಹೆಂಡತಿ ಬಗ್ಗಿ ನೋಡಿ, ಎಲ್ಲಿ ರೀ, ಏನೂ ಇಲ್ವಲ್ಲ, ಆಮೇಲೆ ಅವನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಅವನಿಗೆ ಭಯವಾಗಿತ್ತು, ದೀಪಕ್ಕಲ್ಲ, ಅವಳು ಸರಿದದ್ದಕ್ಕೆ.

ಆರೋಪ ಒಪ್ಕೊಳ್ತೀರಾ? ಯಾರನ್ನು ಕೇಳುತ್ತಿದ್ದಾರೆ — ಅವನನ್ನೇ, ಮುಂದಿದ್ದ ಮೈಕಿನ ಕೊರಳಲ್ಲಿ ಕೆಂಪು ಹತ್ತಿತು, ಹೌದು, ಹೌದು ಅಂದರೆ ಆಯಿತು, ಎರಡೇ ಅಕ್ಷರ, ಸದನ ನಡುಗಿಸಿದ ನಾಲಗೆಗೆ ಎರಡಕ್ಷರ ಯಾವ ಲೆಕ್ಕ, ಅಂಗಾಲಿನ ಕೆಳಗೆ ನೆಲ ಸಣ್ಣಗೆ ಅದುರುತ್ತಿದೆ, ಟೇಪು ಈಗ ಹೆಗಲಿನಿಂದ ಕೊರಳಿಗೆ ಬಂದಿದೆ, ಎಲ್ಲರ ಕಣ್ಣಿಗೆ ಅವನು ನಿಂತಿದ್ದಾನೆ, ಒಳಗೆ ಕೂತೇ ಇದ್ದಾನೆ, ನಿಮ್ಮನ್ನೇ ಕೇಳ್ತಿರೋದು, ಒಪ್ಕೊಳ್ತೀರಾ, ಕಣ್ಣು ತಾನಾಗಿ ಉಗುರಿಗೆ ಇಳಿಯುತ್ತದೆ, ವಕೀಲ ಮೆಲ್ಲಗೆ ಕೆಮ್ಮುತ್ತಾನೆ, ಒಂದು ಕ್ಷಣ ತಾಳು ಮಗಳೇ, ಬರುತ್ತಿದೆ, ಗಂಟಲಿನವರೆಗೆ ಬಂದಿದೆ — ಬೆಂಚು ಕಿರ್ ಅಂದಿತು, ಎದ್ದವಳು ಅವಳು, ಕೈಚೀಲ ಹೆಗಲಿಗೆ, ಹೆಜ್ಜೆ, ಹೆಜ್ಜೆ, ಬಾಗಿಲು ತೆರೆದು ಮುಚ್ಚಿತು, ಒಪ್ಪಲ್ಲ ಅಂತ ಬರ್ಕೊಳ್ಳಿ, ಮುಂದಿನ ಕೇಸು ಕರೀರಿ, ಯಾರೋ ತೋಳು ಹಿಡಿದು ಇಳಿಸುತ್ತಿದ್ದಾರೆ, ತಾಳ್ರಪ್ಪ, ಅದಿನ್ನೂ ಆರಿಲ್ಲ, ನನ್ನ ಸರದಿ ಮುಗಿದಿಲ್ಲ, ನೋಡಿ, ಕೆಂಪು, ಇನ್ನೂ ಕೆಂಪು, ಕೆಂಪು —